ಸಾಲವಸೂಲಿಯ ಕಿರುಕುಳ ಮತ್ತು ಕಾನೂನು: ಪುತ್ತೂರು ಸೀಮೆಯಿಂದ ಒಂದು ನೋಟ

ಕೆದಂಬಾಡಿಯೆಂಬ ಹೆಸರು ದಕ್ಷಿಣ ಕನ್ನಡದ ಇತಿಹಾಸದಲ್ಲಿ 1837ರ ಅಮರ ಸುಳ್ಯದ ದಂಗೆಯೊಡನೆ, ಅದರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರಿಂದಾಗಿ, ಸೇರಿಕೊಂಡಿದೆ. ಕಂಪನಿ ಸರಕಾರವು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿದ ತರುವಾಯ, ಅರಸರ ಕಾಲದಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿದ್ದ ತೀರುವೆಯನ್ನು ನಗದಾಗಿ ತೆರಬೇಕಾಯಿತು. ನಗದಿಲ್ಲದ ರೈತನು ಅದಿದ್ದವನ ಬಾಗಿಲಿಗೆ ಹೋಗಬೇಕಾಯಿತು. ದಂಗೆಗೆ ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ರೈತನ ಸಾಲಕ್ಕೆಲ್ಲ ಅವನ ದುಂದುವೆಚ್ಚವೇ ಮೂಲವೆಂಬ ಹಳೆಯ ಮಾತನ್ನು ಇದರ ಮುಂದೆ ಒಪ್ಪಲಾಗದು.

ಸಾಲವು ಎಷ್ಟು ಎಂಬುದು ಒಂದು ಪ್ರಶ್ನೆ. ಅದನ್ನು ಹೇಗೆ ಕೇಳಬಹುದು ಎಂಬುದು ಇನ್ನೊಂದು. ನಮ್ಮ ಕಾನೂನು ಮೊದಲನೆಯದನ್ನು ಬಹುಕಾಲ ವಿಚಾರಿಸಿತು. ಎರಡನೆಯದಕ್ಕೆ ಬಂದದ್ದು ತಡವಾಗಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ನೋಡೋಣ. ಚರಸ್ವತ್ತನ್ನು ಜಪ್ತಿಮಾಡಲು ಬಂದ ಅಮೀನನು ಸೂರ್ಯಾಸ್ತದ ಮೇಲೆ, ಸೂರ್ಯೋದಯಕ್ಕೆ ಮುನ್ನ, ವಾಸದ ಮನೆಯನ್ನು ಹೊಗಕೂಡದು. ಉಡುಗೆ, ಹಾಸಿಗೆ, ಅಡುಗೆಯ ಪಾತ್ರೆಗಳನ್ನು ಮುಟ್ಟಕೂಡದು. ಬೇಸಾಯಗಾರನ ಉಳುವ ಸಲಕರಣೆಗಳಿಗೂ, ಜೀವನೋಪಾಯಕ್ಕೆ ಅಗತ್ಯವೆಂದು ಕೋರ್ಟು ಕಂಡ ಎತ್ತು ಮತ್ತು ಬಿತ್ತನೆಯ ಧಾನ್ಯಕ್ಕೂ ರಕ್ಷಣೆಯುಂಟು. ಧರ್ಮಾಚಾರದಂತೆ ಸ್ತ್ರೀಯು ತೆಗೆಯಲಾಗದ ಆಭರಣ, ಎಂದರೆ ನಮ್ಮ ಕಡೆಯ ಕರಿಮಣಿ, ಜಪ್ತಿಗೆ ಒಳಪಡದು. ಹಣದ ಡಿಕ್ರಿಗಾಗಿ ಸ್ತ್ರೀಯನ್ನು ಬಂಧಿಸುವಂತಿಲ್ಲ. 1936ರ ತಿದ್ದುಪಡಿಯ ಮೇಲೆ, ತೀರಿಸಲು ಶಕ್ತಿಯಿಲ್ಲದ ಪ್ರಾಮಾಣಿಕ ಪುರುಷನನ್ನೂ ಕೇವಲ ಸಾಲಕ್ಕಾಗಿ ಸೆರೆಗೆ ಹಾಕುವುದು ದುಸ್ಸಾಧ್ಯವಾಯಿತು.

ಇವೆಲ್ಲ ಉದಾರವಾದ ನಿಯಮಗಳೇ ಸರಿ. ಆದರೆ ಇವು ಕಟ್ಟಿಹಾಕಿದ್ದು ಕೋರ್ಟಿನ ಕೈಯನ್ನು. ಡಿಕ್ರಿಯ ಗೊಡವೆಗೇ ಹೋಗದೆ ಆಳನ್ನು ಕಳುಹಿಸಿ ಅಂಗಳದಲ್ಲಿ ಕೂರಿಸುವ, ಸಂತೆಯಲ್ಲಿ ಬೆನ್ನುಹತ್ತುವ, ನಾಲ್ಕು ಜನರ ಮುಂದೆ ಮಾನ ಕಳೆಯುವ ಸಾಹುಕಾರನಿಗೆ ಸೂರ್ಯಾಸ್ತದ ಕಟ್ಟಳೆಯಿರಲಿಲ್ಲ. ಅಮೀನನಿಗಿಂತ ಆಳಿಗೇ ಸಾಲಿಗನು ಹೆಚ್ಚು ಅಂಜಿದ್ದರೆ ಆಶ್ಚರ್ಯವಿಲ್ಲ.

ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ, ರಾಜಾಜಿಯವರ ಮಂತ್ರಿಮಂಡಲವು 1938ರಲ್ಲಿ ತಂದ ರೈತಪರಿಹಾರ ಕಾನೂನು ಅನ್ವಯಿಸಿತು. 1932ರ ಅಕ್ಟೋಬರ್ 1ಕ್ಕೆ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರ್ 1ರವರೆಗೆ ಉಳಿದಿದ್ದ ಬಡ್ಡಿಯನ್ನು ಅದು ತೊಡೆದುಹಾಕಿತು. ಅಸಲಿನ ಇಮ್ಮಡಿ ಸಂದಿದ್ದಲ್ಲಿ ಸಾಲವೇ ತೀರಿತೆಂದಿತು. ಲೆಕ್ಕದ ಮಟ್ಟಿಗೆ ಇದು ದೊಡ್ಡ ಉಪಕಾರ. ವಸೂಲಿಯ ರೀತಿಯನ್ನು ತಿದ್ದುವುದು ಅದರ ಗುರಿಯಾಗಿರಲಿಲ್ಲ. (ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು 1909ರಲ್ಲೇ ಆರಂಭಿಸಿದ ಸಹಕಾರ ಸಂಘವು ಸಾಹುಕಾರನ ಬಾಗಿಲಿಗೆ ಹೋಗದಂತೆ ಮಾಡುವ ಬೇರೊಂದು ದಾರಿಯನ್ನು ಹಿಡಿದಿತ್ತು, ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.)

ಕಿರುಕುಳವನ್ನೇ ಅಪರಾಧವೆಂದು ಸ್ಪಷ್ಟವಾಗಿ ಹೆಸರಿಸಿದ ಕಾನೂನು ನೆರೆಯ ಮುಂಬಯಿ ಪ್ರಾಂತದ 1946ರ ಲೇವಾದೇವಿ ಕಾಯಿದೆ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕನ್ನಡಿಗರು ಅದರ ಅಡಿಯಲ್ಲಿದ್ದರು. ಸಾಲಿಗನನ್ನು ತಡೆಯುವುದು, ಬೆದರಿಸುವುದು, ಊರಿಂದೂರಿಗೆ ಬಿಡದೆ ಹಿಂಬಾಲಿಸುವುದು, ಅವನ ಸ್ವತ್ತಿಗೆ ಅಡ್ಡಿಪಡಿಸುವುದು, ಮನೆಯ ಅಥವಾ ಕೆಲಸದ ಸ್ಥಳದ ಬಳಿ ಸುಳಿದಾಡುವುದು: ಇವೆಲ್ಲ ಅಲ್ಲಿ ದಂಡನಾರ್ಹವಾದವು. 1956ರಲ್ಲಿ ರಾಜ್ಯವು ಒಂದಾದ ಮೇಲೆ, 1961ರ ಮೈಸೂರು ಲೇವಾದೇವಿಗಾರರ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಕಟ್ಟಳೆಯನ್ನು ತಂದಿತು.

ಈ ಪದಗಳು ಮುಂದೆಯೂ ಬಾಳಿದುವು. ಕಿರುಸಾಲ ಸಂಸ್ಥೆಗಳ ವಸೂಲಿಗಾರರ ಕಾಟದಿಂದ ಆತ್ಮಹತ್ಯೆಗಳಾದುವೆಂಬ ದೂರುಗಳ ನಡುವೆ ಕರ್ನಾಟಕವು 2025ರ ಫೆಬ್ರವರಿಯಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯಲ್ಲಿ, ಬಲವಂತದ ಕ್ರಮವೆಂದರೇನೆಂದು ವಿವರಿಸುವ ಕಡೆ, ಹಿಂಬಾಲಿಸುವುದು, ಮನೆಗೆ ಪದೇ ಪದೇ ಎಡತಾಕುವುದು, ಸ್ವತ್ತಿಗೆ ಅಡ್ಡಿಪಡಿಸುವುದು ಎಂಬ ಆ ಹಳೆಯ ಪಟ್ಟಿಯೇ ಬಹುಮಟ್ಟಿಗೆ ಕಾಣುತ್ತದೆ. ಹೊಸದಾಗಿ ಸೇರಿದ್ದು ಹೊರಗಿನ ಏಜೆನ್ಸಿಗಳನ್ನು ಬಳಸುವುದು, ಸರಕಾರಿ ಸೌಲಭ್ಯದ ದಾಖಲೆಗಳನ್ನು ಕಿತ್ತುಕೊಳ್ಳುವುದು ಮೊದಲಾದವು. ಶಿಕ್ಷೆ 10 ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿಗಳವರೆಗೆ ದಂಡ. ಅಮೀನನ ಸೂರ್ಯಾಸ್ತವೂ ಮರಳಿ ಬಂದಿತು: ಕಿರುಸಾಲದವರು ಬೆಳಿಗ್ಗೆ 9ಕ್ಕೆ ಮುನ್ನ, ಸಂಜೆ 6ರ ಮೇಲೆ ಸಾಲಿಗನನ್ನು ಕರೆಯಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆದೇಶಿಸಿತು.

ಪಟ್ಟಿಗಿಂತಲೂ ಆ ಸುಗ್ರೀವಾಜ್ಞೆಯ ಇನ್ನೊಂದು ವಿಧಿಯು ನಮಗೆ ಹೆಚ್ಚು ಅರ್ಥಪೂರ್ಣವಾಗಿ ತೋರುತ್ತದೆ. ಯಾವ ಪೊಲೀಸ್ ಅಧಿಕಾರಿಯೂ ಇಂತಹ ಪ್ರಕರಣವನ್ನು ದಾಖಲಿಸಲು ನಿರಾಕರಿಸಕೂಡದೆಂದು ಅದು ಹೇಳುತ್ತದೆ. ಅಪರಾಧವೆಂದು ಆಗಲೇ ಕಾಯಿದೆಯಲ್ಲಿದ್ದುದಕ್ಕೆ ಇಷ್ಟನ್ನೂ ಬರೆದಿಡಬೇಕಾಯಿತೆಂದರೆ, 1961ರ ಕಟ್ಟಳೆಯು ಸಾಲಿಗನ ಅಂಗಳದವರೆಗೆ ಎಷ್ಟು ತಲಪಿತ್ತೆಂಬುದನ್ನು ಠಾಣೆಗಳ ದಾಖಲೆಗಳಲ್ಲಿ ಹುಡುಕಬೇಕಾಗಿದೆ.