ಆತ್ಮಕಥೆಯ ಸಾಕ್ಷ್ಯ: ನಾಸಿಕದ ಕೊಲೆ ಮೊಕದ್ದಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ವಿವಾದಕ್ಕೊಳಗಾದ ಸಾರ್ವಜನಿಕ ಪುರುಷರ ಆತ್ಮಕಥೆಗಳನ್ನೂ ಜೀವನಚರಿತ್ರೆಗಳನ್ನೂ ಓದುವವರು ಸಾಮಾನ್ಯವಾಗಿ ಎರಡು ಪಂಗಡದವರು. ಮೆಚ್ಚಿದವರು ಅವನ್ನು ಪುರಾಣವೆಂದು ಓದುವರು. ಮೆಚ್ಚದವರು ತಪ್ಪೊಪ್ಪಿಗೆಯೆಂದು ಓದುವರು. ಇತಿಹಾಸಕ್ಕೆ ಇವೆರಡೂ ಸಾಲವು. ವಿನಾಯಕ ದಾಮೋದರ ಸಾವರಕರರನ್ನು ಕುರಿತ ಗ್ರಂಥಗಳು ಇದಕ್ಕೆ ತಕ್ಕ ನಿದರ್ಶನವಾಗಿವೆ.

ಸಾವರಕರರು 1883ರಲ್ಲಿ ನಾಸಿಕದ ಬಳಿಯ ಭಗೂರಿನಲ್ಲಿ ಜನಿಸಿದರು. ಅವರ ಅಣ್ಣ ಗಣೇಶರಿಗೆ 1909ರ ಜೂನಿನಲ್ಲಿ ರಾಜದ್ರೋಹದ ಪದ್ಯಗಳನ್ನು ಪ್ರಕಟಿಸಿದರೆಂದು ಜೀವಾವಧಿ ಕರಿನೀರಿನ ಶಿಕ್ಷೆಯಾಯಿತು. ಅದೇ ವರ್ಷದ ಡಿಸೆಂಬರ್ 21ರ ರಾತ್ರಿ, ನಾಸಿಕದ ವಿಜಯಾನಂದ ನಾಟಕಗೃಹದಲ್ಲಿ ದೇವಲರ ‘ಶಾರದಾ’ ನಾಟಕ ನೋಡಲು ಬಂದಿದ್ದ ಕಲೆಕ್ಟರ್ ಎ. ಎಂ. ಟಿ. ಜ್ಯಾಕ್ಸನ್ನನನ್ನು ಅನಂತ ಲಕ್ಷ್ಮಣ ಕಾನ್ಹೆರೆ ಗುಂಡಿಕ್ಕಿ ಕೊಂದನು. ಅವನು ಓದುತ್ತಿದ್ದುದು ನಿಜಾಮ ಸಂಸ್ಥಾನದ ಔರಂಗಾಬಾದಿನಲ್ಲಿ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ. ಆ ಪಿಸ್ತೂಲು ಸಾವರಕರರು ಲಂಡನ್ನಿನಿಂದ ಕಳುಹಿಸಿದ 20 ಬ್ರೌನಿಂಗ್ ಪಿಸ್ತೂಲುಗಳಲ್ಲಿ ಒಂದೆಂದು ನ್ಯಾಯಾಲಯದಲ್ಲಿ ಸರ್ಕಾರ ವಾದಿಸಿತು. ಕಾನ್ಹೆರೆ, ಕರ್ವೆ, ದೇಶಪಾಂಡೆ ಈ ಮೂವರನ್ನು 1910ರ ಏಪ್ರಿಲ್ 19ರಂದು ಠಾಣೆಯ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಸಾವರಕರರಿಗೆ ಒಟ್ಟು 50 ವರ್ಷಗಳ ಎರಡು ಜೀವಾವಧಿ ಶಿಕ್ಷೆಗಳಾದವು.

ಮೊದಲು ಗಮನಿಸಬೇಕಾದುದು ದಾಖಲೆಗಳ ಅಸಮತೆ. ಜ್ಯಾಕ್ಸನ್ನನು ಸಂಸ್ಕೃತಜ್ಞ, ಅವನು ಕೂಡಿಸಿದ್ದ ಜಾನಪದ ಸಾಮಗ್ರಿಯನ್ನು ಅವನ ಮರಣಾನಂತರ ಎಂಥೋವನ್ ಸಂಪಾದಿಸಿ ಪ್ರಕಟಿಸಿದನು. ಸಾವರಕರರು 1966ರವರೆಗೆ ಬಾಳಿ ತಮ್ಮ ಕಥೆಯನ್ನು ತಾವೇ ಬರೆದರು. ಹದಿನೆಂಟರಲ್ಲೇ ನೇಣಿಗೇರಿದ ಕಾನ್ಹೆರೆಯ ಮಾತನ್ನು ನಾವು ಹೆಚ್ಚಾಗಿ ಮೊಕದ್ದಮೆಯ ಕಡತಗಳ ಮೂಲಕವೇ ಕೇಳಬೇಕಾಗಿದೆ. ಬದುಕುಳಿದವನ ಲೇಖನಿಗೆ ಇತಿಹಾಸದಲ್ಲಿ ದೊಡ್ಡ ಪಾಲು ದೊರೆಯುತ್ತದೆ.

ಎರಡನೆಯದು ಗ್ರಂಥಕರ್ತೃವಿನ ಪ್ರಶ್ನೆ. 1926ರಲ್ಲಿ ‘ಚಿತ್ರಗುಪ್ತ’ನ ಹೆಸರಿನಲ್ಲಿ ಸಾವರಕರರ ಇಂಗ್ಲಿಷ್ ಜೀವನಚರಿತ್ರೆ ಹೊರಬಂದಿತು, ಅದರಲ್ಲಿ ನಾಯಕನ ಧೈರ್ಯಕ್ಕೆ ಹೊಗಳಿಕೆ ಧಾರಾಳವಾಗಿದೆ. 1987ರ ಮುದ್ರಣದ ಮುನ್ನುಡಿಯು ಚಿತ್ರಗುಪ್ತನೆಂದರೆ ಸ್ವತಃ ಸಾವರಕರರೇ ಎಂದು ಪ್ರಕಟಿಸಿತು. ಅರುವತ್ತು ವರ್ಷ ಹೊರಗಿನವನ ಸಾಕ್ಷ್ಯವೆಂದು ಓದಿದುದು ಆತ್ಮಸಾಕ್ಷ್ಯವಾಗಿ ಪರಿಣಮಿಸಿತು. ಆದರೆ ಆಗ ಅವರು ರಾಜಕೀಯದಲ್ಲಿ ಭಾಗವಹಿಸಬಾರದೆಂಬ ಷರತ್ತಿನ ಮೇಲೆ ರತ್ನಾಗಿರಿಯಲ್ಲಿದ್ದರು ಎಂಬುದನ್ನೂ ಮರೆಯಬಾರದು.

ಮೂರನೆಯದು ‘ಮಾಝೀ ಜನ್ಮಠೇಪ’. 1927ರ ಈ ಅಂಡಮಾನಿನ ವೃತ್ತಾಂತವು ಷರತ್ತಿಗೊಪ್ಪಿಯಾದರೂ ಹೊರಬಂದು ಕಾರ್ಯ ಮುಂದುವರಿಸುವುದು ನೀತಿಯೆಂದು ವಾದಿಸುತ್ತದೆ. 1913ರ ನವೆಂಬರ್ 14ರ ಅರ್ಜಿಯಲ್ಲಿಯಾದರೋ, ಬಿಡುಗಡೆಯಾದರೆ ಸರ್ಕಾರಕ್ಕೆ ನಿಷ್ಠನಾಗಿರುವೆನೆಂಬ ಮಾತಿದೆ. ಆರ್. ಸಿ. ಮಜುಂದಾರರು 1975ರಲ್ಲಿ ಆ ಅರ್ಜಿಯನ್ನು ಪ್ರಕಟಿಸಿದರು. ಒಂದು ಸೆರೆಯಾಳು ಅಧಿಕಾರಿಗೆ ಬರೆದುದು. ಇನ್ನೊಂದು ದೇಶಬಾಂಧವರಿಗೆ ಬರೆದುದು. ಇವೆರಡರಲ್ಲಿ ಒಂದನ್ನೇ ಹಿಡಿದು ವೀರನೆಂದಾಗಲಿ ಶರಣಾಗತನೆಂದಾಗಲಿ ತೀರ್ಪು ಕೊಡುವುದು ಆತುರವಾದೀತು.

ಕನ್ನಡ ಇತಿಹಾಸಜ್ಞರಿಗೆ ಈ ಕ್ರಮ ಹೊಸದಲ್ಲ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ತನ್ನ ಆಶ್ರಯದಾತನಾದ ಇಮ್ಮಡಿ ಪುಲಕೇಶಿಯನ್ನು ಕೊಂಡಾಡಿದನು. ಪ್ರಶಸ್ತಿಯೆಂದು ಅದನ್ನು ಯಾರೂ ತಳ್ಳಿಹಾಕಲಿಲ್ಲ. ಹಾಗೆಯೇ ನಂಬಲೂ ಇಲ್ಲ. ಹರ್ಷನು ಪುಲಕೇಶಿಯನ್ನು ಮಣಿಸಲಾರದೆ ಹೋದುದನ್ನು ಹ್ಯೂಯೆನ್‌ತ್ಸಾಂಗನ ಬರಹದೊಡನೆ ಹೋಲಿಸಿ ನಿಶ್ಚಯಿಸಿದರು. ಆ ಯಾತ್ರಿಕನು ಕಂಡ ರಾಜಧಾನಿ ನಾಸಿಕವೇ ಇರಬಹುದೆಂದು ಫ್ಲೀಟರು ಊಹಿಸಿದ್ದುದು ಇಲ್ಲಿ ಸ್ಮರಣೀಯ.

ಧನಂಜಯ ಕೀರರು 1950ರಲ್ಲಿ ಸಾವರಕರರ ಚರಿತ್ರೆಯನ್ನು ಬರೆದರು. ವಿಕ್ರಮ ಸಂಪತ್ತರ ಎರಡು ಸಂಪುಟಗಳು 2019 ಮತ್ತು 2021ರಲ್ಲಿ ಬಂದವು. ಜಾನಕಿ ಬಖಲೆಯವರ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಇವುಗಳ ನಿಲುವುಗಳು ಬೇರೆಬೇರೆ. ಯಾರು ಬರೆದರು, ಯಾವಾಗ ಬರೆದರು, ಯಾರ ಕಣ್ಣಮುಂದೆ ಬರೆದರು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದಕ್ಕೂ ಹಾಕುವ ವಾಚಕನಿಗೆ ಅಭಿಮಾನವನ್ನಾಗಲಿ ಅಸಮ್ಮತಿಯನ್ನಾಗಲಿ ತೊರೆಯಬೇಕಾದ ಅಗತ್ಯವಿಲ್ಲ. ಸತ್ಯಕ್ಕಿಂತ ಅವನ್ನು ಮುಂದಿಡದಿದ್ದರೆ ಸಾಕು.