ಹಳೇ ಲ್ಯಾಪ್‌ಟಾಪ್, ಹೊಸ ಲಿನಕ್ಸ್: ಅರಸೀಕೆರೆಯಿಂದ ಒಂದು ಆರಂಭಿಕ ಪಾಠ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಕೊನೆಗೊಳಿಸಿತು. ಅರಸೀಕೆರೆಯ ನಮ್ಮ ಮನೇಲಿರೋದು 4 ಜಿಬಿ ರ‍್ಯಾಮ್‌ನ ಸೆಕೆಂಡ್‌ ಹ್ಯಾಂಡ್ ಲ್ಯಾಪ್‌ಟಾಪ್. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ವ್ಯವಸ್ಥೆ ಇದರಲ್ಲಿಲ್ಲ. ಯಂತ್ರ ಗಟ್ಟಿಯಾಗೇ ಇದೆ, ಆದ್ರೂ ಗುಜರಿಗೆ ಹಾಕ್ಬೇಕಾ? ನಾನು ಲಿನಕ್ಸ್ ಕಲಿಯೋಕೆ ಕೂತೆ.

ಲಿನಕ್ಸ್ ಅಂದ್ರೆ ಏನು?

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಕರ್ನಲ್‌ನ ಹೆಸರು ಲಿನಕ್ಸ್. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಸಾಧನಗಳು ಅದರ ಜೊತೆ ಸೇರಿ ಪೂರ್ತಿ ಆಪರೇಟಿಂಗ್ ಸಿಸ್ಟಂ ಆಯ್ತು. ಇದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಡೆಬಿಯನ್, ಉಬುಂಟು, ಮಿಂಟ್ ಇವೆಲ್ಲ ಅದರದೇ ಬೇರೆ ಬೇರೆ ಆವೃತ್ತಿಗಳು. ಹಳೆಯ ಯಂತ್ರಕ್ಕೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

ಶುರು ಮಾಡೋದು ಹೇಗೆ?

ಮೊದಲು ನಿಮ್ಮ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಮಿಂಟ್‌ನ ಐಎಸ್‌ಒ ಫೈಲ್ ಇಳಿಸಿಕೊಂಡು, ರೂಫಸ್‌ನಂಥ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿ. ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತೆ, ನೆನಪಿರಲಿ. ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ತೆರೆದು (ಕೆಲವದರಲ್ಲಿ ಎಫ್12, ಕೆಲವದರಲ್ಲಿ ಎಫ್9) ಪೆನ್‌ಡ್ರೈವ್ ಆರಿಸಿ. ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡುತ್ತೆ. ವೈಫೈ, ಸೌಂಡ್, ಪ್ರಿಂಟರ್ ಸರಿಯಿದ್ಯಾ ನೋಡಿಕೊಂಡು ಆಮೇಲೆ ತೀರ್ಮಾನಿಸಿ. ಕಮಾಂಡ್‌ಗಳಿಗೆ ಹೆದರಬೇಡಿ, ದಿನಬಳಕೆಗೆ ಮೌಸೇ ಸಾಕು.

ನಿಜವಾದ ತೊಡಕು

ನಾನು ಎಡವಿದ್ದು ಕನ್ನಡದಲ್ಲಿ. ಟೈಪಿಂಗ್ ಸಮಸ್ಯೆ ಅಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತೆ. ಆದರೆ ಅಪ್ಪ ವರ್ಷಗಟ್ಟಲೆ ಟೈಪ್ ಮಾಡಿಟ್ಟ ಅರ್ಜಿ, ಮನವಿಗಳನ್ನು ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಹಳೆಯ ಆಸ್ಕಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದಿದ್ದರೆ ಓದೋಕಾಗಲ್ಲ, ಇದ್ದರೂ ಕನ್ನಡ ಪದ ಕೊಟ್ಟು ಹುಡುಕೋಕಾಗಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದೂ 1991ರಲ್ಲೇ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಒಂದೊಂದೇ ಫೈಲ್ ಬದಲಾಯಿಸಿ, ಒತ್ತಕ್ಷರ ತಪ್ಪಿದ ಕಡೆ ಕೈಯಾರೆ ತಿದ್ದಿದೆ.

ನಮ್ಮ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನ ಸುಮಾರು ಕ್ರಿ.ಶ. 450ರದು. ಅದನ್ನು ಇವತ್ತೂ ಓದಬಹುದು. ಅಪ್ಪನ ಅರ್ಜಿಗಳು ಇಪ್ಪತ್ತು ವರ್ಷಕ್ಕೇ ಕೈಕೊಟ್ಟವು.

ಇದು ಯಾಕೆ ರಾಜಕೀಯ?

ಕೇರಳದ ಸರ್ಕಾರಿ ಶಾಲೆಗಳು ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಲಿನಕ್ಸ್‌ನಲ್ಲೇ ಐಟಿ ಪಾಠ ಮಾಡುತ್ತಿವೆ. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನು ಕನ್ನಡ ಪುಸ್ತಕ ಹಿಡಿದೇ ಕಲಿಯುತ್ತಾರೆ. ಅರಸೀಕೆರೆಯ, ಹಳೇಬೀಡಿನ ಮಕ್ಕಳಿಗೂ ಇದು ಯಾಕೆ ಸಿಗಬಾರದು? ಜನರ ದುಡ್ಡಲ್ಲಿ ತಯಾರಾಗುವ ಕಡತ ಯಾವ ಕಂಪ್ಯೂಟರಿನಲ್ಲಾದರೂ ತೆರೆದುಕೊಳ್ಳಬೇಕು. ಅದನ್ನು ಕೇಳೋದು ನಮ್ಮ ಹಕ್ಕು. ಅಲ್ಲೀವರೆಗೆ, ಒಂದು ಪೆನ್‌ಡ್ರೈವ್‌ನಿಂದ ಶುರು ಮಾಡಿ.