ಚುಟ್ಟದ ಖಾನೆಯ ಚರಿತ್ರೆ



ನಾವು ಈ ದೇಶದಲ್ಲಿ ಕೊಂಡ ಹಳೆಯ ಮನೆಯಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ಕಪಾಟೊಂದಿತ್ತು. ಅದರ ಕೆಳಖಾನೆಯನ್ನು ಎಳೆದರೆ ಕೆಂಪು ಹಲಗೆಯ ಪರಿಮಳ ಕೋಣೆಯನ್ನೆಲ್ಲ ತುಂಬುತ್ತಿತ್ತು. ದುರಸ್ತಿಗೆ ಬಂದ ಬಡಗಿ, ಇದು ಸಿಗಾರುಗಳನ್ನು ಕಾಪಿಡುವ ಹ್ಯೂಮಿಡಾರ್ ಎಂದ. ಹೊಗೆಯಿಂದ ಕೆಟ್ಟ ಬಾಯಿಗಳನ್ನೂ ಶ್ವಾಸಕೋಶಗಳನ್ನೂ ಕಾಲು ಶತಮಾನ ಪರೀಕ್ಷಿಸಿದ ವೈದ್ಯರ ಮನೆಯಲ್ಲಿ ಇಂಥ ಖಾನೆ! ಅದರ ಚರಿತ್ರೆಯನ್ನು ಅರಿಯಬೇಕೆನಿಸಿತು.

1492ರ ನವೆಂಬರಿನಲ್ಲಿ ಕೊಲಂಬಸನ ಇಬ್ಬರು ಸಂಗಡಿಗರು ಕ್ಯೂಬಾದಲ್ಲಿ ಎಲೆಯ ಸುರುಳಿಯಿಂದ ಹೊಗೆ ಸೇದುವ ಜನರನ್ನು ಕಂಡರು. ಮುಂದೆ ಆ ಎಲೆ ಪೋರ್ಚುಗೀಸರೊಡನೆ ಭಾರತಕ್ಕೂ ಬಂದಿತು. ಇಂಗ್ಲಿಷಿನ ‘ಚೆರೂಟ್’ ತಮಿಳಿನ ‘ಸುರುಟ್ಟು’ವಿನಿಂದ ಹುಟ್ಟಿದ ಪದ, ನಮ್ಮ ‘ಸುರುಟು’ ಎಂಬ ಕ್ರಿಯಾಪದ ಅದರ ದಾಯಾದಿ.

ಉಷ್ಣವಲಯದ ಈ ಸರಕು ಶೀತದೇಶಗಳ ಒಣ ಕೋಣೆಗಳಲ್ಲಿ ಬಿರಿಯುತ್ತದೆ. ತೇವ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಶೇಕಡಾ 70ರಷ್ಟು ಆರ್ದ್ರತೆ ಹಿತ. ಆದ್ದರಿಂದ ಬಡಗಿ ಖಾನೆಯ ಸಂದುಗಳನ್ನು ಮುಚ್ಚಿ, ಒಳಗೆ ‘ಸ್ಪ್ಯಾನಿಷ್ ಸೀಡರ್’ ಹಲಗೆ ಹೊದಿಸುತ್ತಾನೆ. ಹೆಸರು ಹಾಗಿದ್ದರೂ ಅದು ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ಅಮೆರಿಕದ ಉಷ್ಣವಲಯದ ಮರ, ಮಹಾಗನಿಯ ಮತ್ತು ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು. ಅದು ತೇವವನ್ನು ಹೀರಿ ಮತ್ತೆ ಹಿಂದಿರುಗಿಸುತ್ತದೆ. ಆದಕಾರಣ ಒಳಮೈಗೆ ವಾರ್ನಿಷ್ ಬಳಿಯುವುದಿಲ್ಲ. ಸಿಗಾರ್ ಇಡುವ ಮೊದಲು ಹಲಗೆಯನ್ನು ಕೆಲವು ದಿನ ತೇವಕ್ಕೆ ಒಗ್ಗಿಸಬೇಕು. ಇಲ್ಲವಾದರೆ ಅದೇ ಸಿಗಾರಿನ ತೇವವನ್ನು ಹೀರುತ್ತದೆ. ಆರ್ದ್ರತಾಮಾಪಕವನ್ನು ಒದ್ದೆ ಉಪ್ಪಿನೊಡನೆ ಮುಚ್ಚಿದ ಪಾತ್ರೆಯಲ್ಲಿಟ್ಟರೆ ಅದು ಶೇಕಡಾ 75 ತೋರಿಸಬೇಕು. ಎಂತಹ ಶ್ರದ್ಧೆ!

ಇಂಥ ಪೆಟ್ಟಿಗೆಗಳಲ್ಲಿ ಪ್ರಸಿದ್ಧವಾದದ್ದು ಅಧ್ಯಕ್ಷ ಕೆನಡಿಯವರದು. 1961ರ ಜನವರಿ 20ರಂದು ಅವರು ಅಧಿಕಾರ ಸ್ವೀಕರಿಸಿದಾಗ ಹಾಸ್ಯನಟ ಮಿಲ್ಟನ್ ಬರ್ಲ್ ಕೊಟ್ಟ ಉಡುಗೊರೆ ಅದು. ಅದರ ಫಲಕದಲ್ಲಿ ಒಳ್ಳೆಯ ಆರೋಗ್ಯ, ಒಳ್ಳೆಯ ಧೂಮಪಾನ ಎರಡನ್ನೂ ಒಟ್ಟಿಗೇ ಹಾರೈಸಿತ್ತು! 1962ರ ಫೆಬ್ರವರಿಯಲ್ಲಿ ಕ್ಯೂಬಾದ ವ್ಯಾಪಾರನಿರ್ಬಂಧಕ್ಕೆ ಸಹಿ ಹಾಕುವ ಮುನ್ನ ಅಧ್ಯಕ್ಷರು ತಮ್ಮಿಂದ 1,200 ಕ್ಯೂಬನ್ ಸಿಗಾರುಗಳನ್ನು ತರಿಸಿಕೊಂಡರೆಂದು ಕಾರ್ಯದರ್ಶಿ ಪಿಯರ್ ಸಾಲಿಂಜರ್ ಮುಂದೆ ನೆನೆದುಕೊಂಡಿದ್ದಾರೆ. 1996ರಲ್ಲಿ ಆ ಪೆಟ್ಟಿಗೆ ನ್ಯೂಯಾರ್ಕಿನ ಹರಾಜಿನಲ್ಲಿ 5,74,500 ಡಾಲರಿಗೆ ಮಾರಾಟವಾಯಿತು.

ಅದೇ ಕೆನಡಿಯವರು ನೇಮಿಸಿದ ಸರ್ಜನ್ ಜನರಲ್ ಡಾ. ಲೂಥರ್ ಟೆರಿಯವರ ವರದಿ 1964ರ ಜನವರಿ 11ರಂದು ಹೊರಬಿತ್ತು. ಅದರ ಮುಖ್ಯ ಗುರಿ ಸಿಗರೇಟು. ಸಿಗಾರ್ ಸೇದುವವರು ಅದರಿಂದ ನೆಮ್ಮದಿಪಟ್ಟರು. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಗ್ರಂಥವೊಂದು ಸಿಗಾರೂ ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿಗೆ ಕಾರಣವೆಂದು ಸ್ಪಷ್ಟಪಡಿಸಿತು.

ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದಾಗ, ಚುಟ್ಟ ಸೇದುತ್ತಿದ್ದ ನಮ್ಮ ಸೋದರಮಾವನವರ ಬಾಯಿಯಲ್ಲಿ ಹುಣ್ಣಾಗಿತ್ತು. ಎಲೆಯಡಿಕೆಯ ಸುಣ್ಣ ತಾಗಿದ್ದೆಂದು ಮನೆಯವರು ನಂಬಿದರು, ನಾವೂ ನಂಬಿದೆವು. ತಿಳಿಯುವ ವೇಳೆಗೆ ತಡವಾಗಿತ್ತು. ಎಲೆ ಒಣಗದಿರಲೆಂದು ಪ್ರತಿದಿನ ಮಾಪಕ ನೋಡುವ ಮನುಷ್ಯ ತನ್ನವರ ಬಾಯಿಯನ್ನು ಒಮ್ಮೆಯೂ ನೋಡುವುದಿಲ್ಲ. ಮೂರು ವಾರದಲ್ಲಿ ಮಾಯದ ಹುಣ್ಣನ್ನು ದಯವಿಟ್ಟು ವೈದ್ಯರಿಗೆ ತೋರಿಸಿರಿ. ಊರಿನ ಹಿರಿಯರೊಡನೆ ಫೋನಿನಲ್ಲಿ ಮಾತನಾಡುವಾಗಲೂ ಇದನ್ನೊಂದು ಮಾತು ಕೇಳಿರಿ.

ಖಾನೆಯನ್ನು ನಾವು ಕೀಳಿಸಲಿಲ್ಲ. ತೇವದ ಡಬ್ಬಿಯನ್ನು ತೆಗೆದು, ಹಲಗೆಯನ್ನು ಒಣಗಿಸಿದೆವು. ಈಗ ಅದರಲ್ಲಿ ಮಾವನವರು ಬರೆದ ಕಾಗದಗಳಿವೆ.